ಉಸ್ಸಪ್ಪಾ ಎನ್ನಲು ಒಂದು ರವಿವಾರ

ಕರಾವಳಿಯವರಿಗೆ ಅದು ‘ಮಂಡೆಬಿಸಿ’; ತುಳುವಿನಲ್ಲಾದರೆ ‘ಮಂಡೆಬೆಚ್ಚ’. ಧಾರವಾಡದ ಕಡೆಯವರು ‘ತಲಿ ಕೆಟ್ಟು ಹೋಗೇತಿ’ ಅನ್ನುತ್ತಾರೆ. ಮೈಸೂರು ಸೀಮೆಯವರು ‘ಸಾಕಾಗಿ ಹೋಯ್ತು’ ಎಂದು ಕುರ್ಚಿಗೆ ಒರಗುತ್ತಾರೆ. ಊರು ಬಿಟ್ಟು ಮುಂಬಯಿಗೆ ಬಂದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಟೆನ್ಶನ್. ಈಚೆಗೆ ಆಫೀಸಿನವರು ಅದನ್ನೇ ‘ಸ್ಟ್ರೆಸ್’ ಎಂದು ಸ್ವಲ್ಪ ಗೌರವದಿಂದ ಕರೆಯುತ್ತಾರೆ.

ಈ ಕೊನೆಯ ಮಾತಿಗೆ ವಯಸ್ಸು ಹೆಚ್ಚಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹ್ಯಾನ್ಸ್ ಸೆಲ್ಯೆ ಎಂಬ ಸಂಶೋಧಕ ಇಲಿಗಳನ್ನು ಚಳಿ, ಗಾಯ, ಅತಿ ದಣಿವು ಹೀಗೆ ಬೇರೆ ಬೇರೆ ಪೀಡೆಗೆ ಒಡ್ಡಿ, ಪೀಡೆ ಯಾವುದೇ ಇರಲಿ, ದೇಹ ತೋರಿಸುವ ಲಕ್ಷಣಗಳು ಹೆಚ್ಚುಕಡಿಮೆ ಒಂದೇ ಎಂದು 1936ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ. ಮುಂದೆ ಅದಕ್ಕೆ ಸ್ಟ್ರೆಸ್ ಎಂಬ ಹೆಸರು ನಿಂತಿತು. ಕನ್ನಡದಲ್ಲಿ ನಾವು ಅದನ್ನು ‘ಒತ್ತಡ’ ಎಂದೆವು. ವಿರಾರ್ ಲೋಕಲಿನಲ್ಲಿ ನಿಂತು ಬರುವವರಿಗೆ ಆ ಪದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಒತ್ತಡ ಕಡಿಮೆ ಮಾಡುವ ಸರಳ ಉಪಾಯಗಳ ಪಟ್ಟಿ ಇಂದು ಎಲ್ಲರ ಮೊಬೈಲಿನಲ್ಲೂ ಇದೆ. ದೀರ್ಘವಾಗಿ ಉಸಿರಾಡಿ, ಹತ್ತು ನಿಮಿಷ ನಡೆಯಿರಿ, ಹಾಡು ಹಾಡಿ, ನಕ್ಕುಬಿಡಿ, ಶವಾಸನ ಹಾಕಿ. ಎಲ್ಲವೂ ನಿಜ, ಎಲ್ಲವೂ ಅಗ್ಗ. ಆದರೆ ಈ ಉಪಾಯಗಳಲ್ಲಿ ಹಲವು ಕಾಡಿನಲ್ಲಿ ಕೂತ ಋಷಿಯಿಂದ ನೇರವಾಗಿ ನಮ್ಮ ಕೈಗೆ ಬಂದವಲ್ಲ. ಮುಂಬಯಿಯಲ್ಲೇ, ಕೆಲಸ ಮಾಡಿ ದಣಿದವರ ನಡುವೆಯೇ, ಅವು ಇಂದಿನ ರೂಪ ಪಡೆದವು. ಅವುಗಳ ಕತೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇಲ್ಲಿ ಉಪಾಯದ ಕೊರತೆ ಎಂದೂ ಇರಲಿಲ್ಲ. ಜನ ಗಳಿಸಬೇಕಾಗಿ ಬಂದದ್ದು ಎರಡನ್ನು: ಸ್ವಂತದ್ದು ಎನ್ನಬಹುದಾದ ಒಂದಿಷ್ಟು ಹೊತ್ತು, ಆ ಹೊತ್ತಿಗೆ ಜೊತೆಯಾಗುವ ನಾಲ್ಕು ಜನ.

ಗಿರಣಿಯ ರವಿವಾರ

ಮೊದಲು ಹೊತ್ತಿನ ಮಾತು. 1850ರ ದಶಕದಲ್ಲಿ ತಾಡದೇವದಲ್ಲಿ ಮುಂಬಯಿಯ ಮೊದಲ ಬಟ್ಟೆ ಗಿರಣಿ ಎದ್ದಿತು. ಮೂವತ್ತು ವರ್ಷಗಳೊಳಗೆ ಪರೇಲ್, ಲಾಲ್‌ಬಾಗ್, ಭಾಯಖಳಾಗಳಲ್ಲಿ ಚಿಮಣಿಗಳ ಸಾಲೇ ನಿಂತು, ಆ ಪ್ರದೇಶಕ್ಕೆ ಗಿರಣಗಾಂವ್ ಎಂದೇ ಹೆಸರಾಯಿತು. ಆಗಿನ ಗಿರಣಿಗಳಿಗೆ ಗಡಿಯಾರ ಸೂರ್ಯನೇ. ಬೆಳಕು ಹರಿದಾಗ ಆರಂಭ, ಕತ್ತಲಾದಾಗ ಮುಕ್ತಾಯ. ಬೇಸಿಗೆಯಲ್ಲಿ ಹಗಲು ಉದ್ದವಾದಷ್ಟೂ ದುಡಿಮೆ ಉದ್ದವಾಗುತ್ತಿತ್ತು. ಸರ್ಕಾರಿ ಕಚೇರಿಗಳಿಗೆ ರವಿವಾರ ರಜೆ ಇತ್ತು. ಗಿರಣಿಯವರಿಗೆ ವಾರದ ರಜೆ ಎಂಬುದೇ ಇರಲಿಲ್ಲ. ಹಬ್ಬಕ್ಕೋ ಯಂತ್ರ ತೊಳೆಯುವುದಕ್ಕೋ ಗಿರಣಿ ನಿಂತರೆ ಅದೇ ಬಿಡುವು.

ಇದನ್ನು ಪ್ರಶ್ನಿಸಿದವರು ನಾರಾಯಣ ಮೇಘಾಜಿ ಲೋಖಂಡೆ. ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಕಾರ್ಯಕರ್ತರು, ‘ದೀನಬಂಧು’ ಪತ್ರಿಕೆಯ ಸಂಪಾದಕರು. 1884ರ ಸೆಪ್ಟೆಂಬರಿನಲ್ಲಿ ಅವರು ಗಿರಣಿ ಕಾರ್ಮಿಕರ ಸಭೆ ಕರೆದರು. 5,500 ಕಾರ್ಮಿಕರ ಸಹಿಯಿದ್ದ ಮನವಿಯೊಂದು ಸಿದ್ಧವಾಯಿತು. ಅದರ ಬೇಡಿಕೆಗಳನ್ನು ಇಂದು ಓದಿದರೆ ಮನಸ್ಸು ಮೆತ್ತಗಾಗುತ್ತದೆ: ರವಿವಾರ ರಜೆ ಕೊಡಿ, ಮಧ್ಯಾಹ್ನ ಅರ್ಧ ಗಂಟೆ ಬಿಡುವು ಕೊಡಿ, ಬೆಳಿಗ್ಗೆ ಆರೂವರೆಗೆ ಮುಂಚೆ ಕೆಲಸ ಬೇಡ, ಸೂರ್ಯ ಮುಳುಗಿದ ಮೇಲೆಯೂ ಬೇಡ. ಜೊತೆಗೆ ಸಂಬಳ ಸಕಾಲಕ್ಕೆ ಬರಲಿ, ಗಾಯವಾದರೆ ಪರಿಹಾರ ಸಿಗಲಿ ಎಂಬ ಮಾತು. ಬೇಡಿಕೆಗಳ ಪಟ್ಟಿಯ ತುದಿಯಲ್ಲೇ ವಿಶ್ರಾಂತಿ ಇತ್ತು.

ಬೇಡಿಕೆ ಈಡೇರಲು ಇನ್ನೂ ಆರು ವರ್ಷ ಹಿಡಿಯಿತು. 1890ರ ಏಪ್ರಿಲ್ 24ರಂದು ಸುಮಾರು ಹತ್ತು ಸಾವಿರ ಕಾರ್ಮಿಕರು ಸೇರಿದ ಸಭೆಯಲ್ಲಿ ಇಬ್ಬರು ಹೆಂಗಸರೂ ಎದ್ದು ಮಾತಾಡಿದರು. ಅದೇ ವರ್ಷ ಜೂನ್ 10ರಂದು ಗಿರಣಿ ಮಾಲೀಕರ ಸಂಘ ವಾರದ ರಜೆಗೆ ಒಪ್ಪಿತು. ಮರುವರ್ಷದ ಫ್ಯಾಕ್ಟರಿ ಕಾಯ್ದೆಯಲ್ಲಿ ವಾರದ ರಜೆ ಕಾನೂನಾಗಿಯೂ ಸೇರಿತು.

ರವಿವಾರ ಖಂಡೋಬನ ವಾರ, ಆ ದಿನ ನಮ್ಮ ಜನರಿಗೆ ಬಿಡುವು ಬೇಕು ಎಂದು ಲೋಖಂಡೆ ವಾದಿಸಿದರೆಂಬುದು ಮಹಾರಾಷ್ಟ್ರದಲ್ಲಿ ಇಂದಿಗೂ ಹೇಳಿಕೊಂಡು ಬಂದಿರುವ ಮಾತು. ಆ ಖಂಡೋಬನೇ ನಮ್ಮ ಮೈಲಾರಲಿಂಗ. ಬಳ್ಳಾರಿ, ಹಾವೇರಿ, ಬೀದರ್ ಕಡೆಯಿಂದ ಬಂದ ಓದುಗರಿಗೆ ಆ ದೇವರ ಪರಿಚಯ ಮಾಡಿಕೊಡಬೇಕಾಗಿಲ್ಲ. ಏಳುಕೋಟಿ ಎಂದು ಅವನ ಹೆಸರು ಕೂಗುವ ಗೊರವಯ್ಯನ ನಂಟು ನಾವು ಮೊಬೈಲಿನಲ್ಲಿ ಅಲಾರಂ ಆರಿಸಿ ಮಗ್ಗುಲು ಬದಲಿಸುವ ರವಿವಾರದವರೆಗೂ ಚಾಚಿಕೊಂಡಿದೆ ಎಂದರೆ ಸಂತೋಷವೇ.

ರವಿವಾರವಿಲ್ಲದ ನಮ್ಮವರು

ಆದರೆ ಮುಂಬಯಿಯ ಕನ್ನಡಿಗರಲ್ಲಿ ಬಹು ಮಂದಿ ಗಿರಣಿಯವರಲ್ಲ, ಹೋಟೆಲಿನವರು. ಉಡುಪಿ, ಕುಂದಾಪುರ, ಮಂಗಳೂರು ಕಡೆಯಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಹಡಗಿನಲ್ಲೋ ಬಸ್ಸಿನಲ್ಲೋ ಬಂದು ಫೋರ್ಟ್, ಗಿರ್ಗಾಂವ್, ಮಾಟುಂಗಾಗಳ ಹೋಟೆಲುಗಳಲ್ಲಿ ಲೋಟ ತೊಳೆಯಲು ನಿಂತರು. ಮಾಟುಂಗಾ ರೈಲು ನಿಲ್ದಾಣದ ಎದುರು ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆ ಊಟ ಮಾಡದ ಮುಂಬಯಿ ಕನ್ನಡಿಗ ಕಡಿಮೆ. ಅಂಥ ನೂರಾರು ಅಡುಗೆಮನೆಗಳ ಹಿಂದೆ ಇದ್ದವರು ಈ ಹುಡುಗರೇ.

ಇವರಿಗೆ ಲೋಖಂಡೆಯವರ ರವಿವಾರ ದಕ್ಕಲಿಲ್ಲ. ಊರಿಗೆಲ್ಲ ರಜೆ ಇದ್ದ ದಿನ ಹೋಟೆಲಿಗೆ ನೂಕುನುಗ್ಗಲು. ಬೆಳಗಿನ ಜಾವ ಒಲೆ ಹಚ್ಚುವುದರಿಂದ ರಾತ್ರಿ ನೆಲ ತೊಳೆಯುವವರೆಗೆ ಕೆಲಸ. ಕೊನೆಯ ಗಿರಾಕಿ ಹೋದ ಮೇಲೆ ಬೆಂಚು ಜೋಡಿಸಿ ಅಲ್ಲೇ ನಿದ್ದೆ. ಕಾನೂನು ಇವರ ಕಡೆ ಕಣ್ಣು ಹಾಯಿಸಿದ್ದು 1939ರ ಬಾಂಬೆ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ. 1948ರ ಹೊಸ ಕಾಯ್ದೆಯಲ್ಲಿ ಉಪಾಹಾರಗೃಹದ ನೌಕರನಿಗೂ ದಿನಕ್ಕೆ ಒಂಬತ್ತು ಗಂಟೆಯ ಮಿತಿ, ವಾರಕ್ಕೊಂದು ರಜೆ ಎಂದು ಬರೆಯಲಾಯಿತು. ಕಾಗದದ ಮೇಲಿನ ಒಂಬತ್ತು ಗಂಟೆಗೂ ಹೋಟೆಲಿನ ಒಂಬತ್ತು ಗಂಟೆಗೂ ಬಹಳ ಕಾಲ ಹೊಂದಾಣಿಕೆ ಇರಲಿಲ್ಲ ಎಂಬುದು ಹಳಬರಿಗೆಲ್ಲ ಗೊತ್ತು.

ಹಾಗಾದರೆ ಆ ಹುಡುಗರು ಮಂಡೆಬಿಸಿಯನ್ನು ಎಲ್ಲಿ ಇಳಿಸಿಕೊಂಡರು? ಮೊದಲ ಉತ್ತರ ವಿಚಿತ್ರವಾಗಿ ಕೇಳಿಸೀತು: ರಾತ್ರಿ ಶಾಲೆಯಲ್ಲಿ. ದಿನವಿಡೀ ನಿಂತು ದುಡಿದವನು ಸಂಜೆ ಪುಸ್ತಕ ಹಿಡಿದು ಕೂರುವುದು ವಿಶ್ರಾಂತಿಯೇ ಎಂದು ಕೇಳಬಹುದು. ಆದರೆ ಅಲ್ಲಿ ಅವನನ್ನು ‘ಏ ಪೋರ’ ಎಂದು ಯಾರೂ ಕೂಗುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಪೂರ್ತಿ ಹೆಸರಿತ್ತು, ಬೆಂಚಿನಲ್ಲಿ ಅವನದೇ ಜಾಗವಿತ್ತು. ದಿನದ ಎರಡು ಮೂರು ಗಂಟೆ ಬೇರೆಯೇ ಮನುಷ್ಯನಾಗಿ ಇರಲು ಸಿಕ್ಕಿದ್ದು ಸಣ್ಣ ನಿರಾಳವಲ್ಲ. ಆ ಬೆಂಚುಗಳಿಂದ ಎದ್ದವರು ಮುಂದೆ ಬ್ಯಾಂಕು ಸೇರಿದರು, ವಕೀಲರಾದರು, ಸ್ವಂತ ಹೋಟೆಲು ತೆರೆದರು.

ಎರಡನೆಯ ಉತ್ತರ, ಸಂಘ ಮತ್ತು ಮಂಡಳಿ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಳೆಯದು. ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ಇವುಗಳ ಸ್ಮರಣ ಸಂಚಿಕೆಗಳನ್ನು ತಿರುವಿದರೆ ಕಟ್ಟಡ ನಿಧಿ, ವಿದ್ಯಾರ್ಥಿವೇತನ, ಅಧ್ಯಕ್ಷರ ಭಾವಚಿತ್ರಗಳು ಸಿಗುತ್ತವೆ. ವಾರವಿಡೀ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಬಾಯಿ ನೋಯಿಸಿಕೊಂಡವನು ಅಲ್ಲಿ ಬಂದು ಒಂದು ತಾಸು ತನ್ನ ಮಾತಿನಲ್ಲಿ ಹರಟಿ ಹೋದದ್ದು ಯಾವ ವರದಿಯಲ್ಲೂ ದಾಖಲಾಗಿಲ್ಲ. ಪರಭಾಷೆಯಲ್ಲಿ ಬದುಕುವುದೂ ಒಂದು ದುಡಿಮೆ. ಆ ದುಡಿಮೆಗೆ ಸಿಕ್ಕ ರಜೆಯೆಂದರೆ ಈ ಸಂಜೆಗಳು.

ಭಜನೆಯ ಉಸಿರು

ಮೂರನೆಯದು ಹಾಡು. ಉಪನಗರಗಳ ಕನ್ನಡ ತುಳು ವಠಾರಗಳಲ್ಲಿ ಶನಿವಾರದ ಶನಿಪೂಜೆ, ವಾರದ ಭಜನೆ, ಮಾಗಿಯಲ್ಲಿ ಅಯ್ಯಪ್ಪ ಭಜನೆ ಇವು ಬರೀ ಭಕ್ತಿಯ ಸಂಗತಿಗಳಾಗಿರಲಿಲ್ಲ. ಶನಿಗ್ರಂಥ ಪಾರಾಯಣ ತಾಳಮದ್ದಲೆಯ ಧಾಟಿಯಲ್ಲಿ ನಡೆಯುತ್ತದೆ. ಒಬ್ಬ ಪದ್ಯ ಓದಿದರೆ ಇನ್ನೊಬ್ಬ ಅರ್ಥ ಹೇಳುತ್ತಾನೆ. ಹಗಲು ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವನು ಆ ರಾತ್ರಿ ವಿಕ್ರಮರಾಜನಾಗಿ ಮಾತಾಡುತ್ತಾನೆ. ಊರಿನಲ್ಲಿ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬರುತ್ತಾರೆ. ಹೊರಗೆ ಹಳಿ ಮುಳುಗಿ ಲೋಕಲು ನಿಂತಿದ್ದರೂ ಸಭಾಗೃಹದೊಳಗೆ ಚೆಂಡೆ ನಿಲ್ಲುವುದಿಲ್ಲ. ಲೋಕಲು ಗಾಡಿಯೊಳಗೇ ತಾಳ ಹಿಡಿದು ಭಜನೆ ಮಾಡುತ್ತ ಬರುವ ಮರಾಠಿ, ಗುಜರಾತಿ ಮಂಡಳಿಗಳನ್ನು ನೋಡದ ನಿತ್ಯ ಪ್ರಯಾಣಿಕನಿಲ್ಲ. ಕಿವಿಗೆ ಕಿರಿಕಿರಿ ಎನ್ನುವವರೂ ಇದ್ದಾರೆ. ಹಾಡುವವರ ಮುಖ ನೋಡಿದರೆ ಅವರು ಇಳಿಯುವ ಹೊತ್ತಿಗೆ ಹತ್ತಿದವರಿಗಿಂತ ಹಗುರಾಗಿರುತ್ತಾರೆ.

ಇದು ಮನಸ್ಸಿನ ಭ್ರಮೆಯಲ್ಲ. ಇಟಲಿಯ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 23 ಮಂದಿ ಆರೋಗ್ಯವಂತರಿಂದ ಅವರು ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಹೃದಯದ ಬಡಿತ ಮತ್ತು ರಕ್ತದೊತ್ತಡದ ಏರಿಳಿತಗಳು ಆ ಲಯಕ್ಕೆ ಹೊಂದಿಕೊಂಡವು. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಬಾರಿ ಉಸಿರಾಡುತ್ತೇವೆ. ಸಾಲು ಮುಗಿಯುವವರೆಗೆ ಉಸಿರನ್ನು ನಿಧಾನವಾಗಿ ಹೊರಬಿಡುತ್ತ ಹೋಗಬೇಕು, ಸಾಲಿನ ಕೊನೆಗೆ ತಟ್ಟನೆ ತುಂಬಿಕೊಳ್ಳಬೇಕು. ಯಾವ ದೇವರ ಹಾಡಾದರೂ ದೇಹಕ್ಕೆ ಕಲಿಸುವ ಪಾಠ ಇದೇ. ಭಜನೆಯಲ್ಲಿ ಸ್ವರ ತಪ್ಪಿದರೂ ಈ ಲಾಭ ತಪ್ಪುವುದಿಲ್ಲ.

ಸಂಸಾರಿಗಳ ಯೋಗ

ನಾಲ್ಕನೆಯ ದಾರಿ ಯೋಗ. ಅದರ ಇಂದಿನ ಜನಪ್ರಿಯ ರೂಪಕ್ಕೆ ಮುಂಬಯಿಯ ಋಣ ದೊಡ್ಡದು. ಸೂರತ್ ಕಡೆಯ ಮಣಿಭಾಯಿ ದೇಸಾಯಿ ಎಂಬ ಯುವಕ ಓದಲು ಇಲ್ಲಿನ ಸೇಂಟ್ ಝೇವಿಯರ್ ಕಾಲೇಜಿಗೆ ಬಂದು, ಮಾಧವದಾಸಜಿಯವರ ಶಿಷ್ಯನಾಗಿ, ಶ್ರೀ ಯೋಗೇಂದ್ರರಾದರು. 1918ರ ಡಿಸೆಂಬರ್ 25ರಂದು ವರ್ಸೋವಾದಲ್ಲಿ, ದಾದಾಭಾಯಿ ನೌರೋಜಿಯವರ ಸಮುದ್ರತೀರದ ಮನೆಯಲ್ಲಿ ಅವರು ‘ದಿ ಯೋಗ ಇನ್‌ಸ್ಟಿಟ್ಯೂಟ್’ ಆರಂಭಿಸಿದರು. ಸಾಂತಾಕ್ರೂಜ್‌ನಲ್ಲಿ ಅದು ಇಂದಿಗೂ ನಡೆಯುತ್ತಿದೆ. ಯೋಗೇಂದ್ರರು ಸಂನ್ಯಾಸ ತೊಡಲಿಲ್ಲ, ಮದುವೆಯಾದರು. ಗುಹೆಗೆ ಹೋಗಲಾಗದ ಸಂಸಾರಿಗೆ, ಗುಮಾಸ್ತನಿಗೆ ಯೋಗವನ್ನು ಸರಳಗೊಳಿಸಿ ಕೊಡುವುದೇ ಅವರ ಕೆಲಸವಾಯಿತು. ಅವರ ಪತ್ನಿ ಸೀತಾದೇವಿ ಯೋಗೇಂದ್ರ 1934ರಲ್ಲಿ ಹೆಂಗಸರಿಗಾಗಿಯೇ ಒಂದು ಯೋಗದ ಪುಸ್ತಕ ಬರೆದರು. ವಾರದ ರಜೆಯ ಕಾನೂನು ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ, ಈಗಲೂ ದಾಟಿಲ್ಲ. ಲೇಡೀಸ್ ಡಬ್ಬಿಯಲ್ಲಿ ಕೂತು ರಾತ್ರಿಯ ಅಡುಗೆಗೆ ತರಕಾರಿ ಹೆಚ್ಚುತ್ತ ಬರುವವರಿಗೆ ಇದು ಚೆನ್ನಾಗಿ ಗೊತ್ತು.

ನಮ್ಮ ನಾಡಿನ ಕೊಡುಗೆ ಬಂದದ್ದು ಪುಣೆಯ ರೈಲಿನಲ್ಲಿ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲೇ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕಾಯಿಲೆಯಲ್ಲೇ ಬಾಲ್ಯ ಕಳೆದವರು. ಮೈಸೂರಿನಲ್ಲಿ ಭಾವ ಟಿ. ಕೃಷ್ಣಮಾಚಾರ್ಯರಿಂದ ಯೋಗ ಕಲಿತು 1937ರಲ್ಲಿ ಪುಣೆಗೆ ಹೋದರು. ಮುಂದೆ ವರ್ಷಾನುಗಟ್ಟಲೆ ವಾರಾಂತ್ಯಕ್ಕೆ ಮುಂಬಯಿಗೆ ಬಂದು ತರಗತಿ ನಡೆಸಿದರು. ವಾರದ ರಜೆ ಇದ್ದ ಊರಿನಲ್ಲೇ ವಾರಾಂತ್ಯದ ತರಗತಿ ಸಾಧ್ಯ ಎಂಬುದನ್ನು ಇಲ್ಲಿ ನೆನೆಯಬೇಕು.

1952ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಕಛೇರಿಗಳಿಗಾಗಿ ಭಾರತಕ್ಕೆ ಬಂದಾಗ ಮುಂಬಯಿಯಲ್ಲಿ ಅಯ್ಯಂಗಾರರ ಭೇಟಿಯಾಯಿತು. ದಣಿದಿದ್ದ ಮೆನುಹಿನ್ ಕೊಟ್ಟ ಸಮಯ ಐದು ನಿಮಿಷ. ಅಯ್ಯಂಗಾರರು ಕಷ್ಟದ ಆಸನಗಳ ಪ್ರದರ್ಶನಕ್ಕೆ ಇಳಿಯಲಿಲ್ಲ. ಮೆನುಹಿನ್‌ರನ್ನೇ ಅಂಗಾತ ಮಲಗಿಸಿ ಶವಾಸನದಲ್ಲಿ ಇರಿಸಿದರು. ಐದು ನಿಮಿಷಕ್ಕೆಂದು ಮಲಗಿದವರು ಎದ್ದದ್ದು ಸುಮಾರು ಒಂದು ಗಂಟೆಯ ಮೇಲೆ. ಅಯ್ಯಂಗಾರರ ಯೋಗ ಯುರೋಪಿಗೆ ಹೋದ ದಾರಿ ತೆರೆದುಕೊಂಡದ್ದು ಆ ನಿದ್ದೆಯಿಂದ. ನೋಡಲು ಸುಲಭವಾದ ಈ ಆಸನವನ್ನು ಸಾಧಿಸುವುದು ಬಹಳ ಕಷ್ಟ ಎಂದು ಅಯ್ಯಂಗಾರರು ತಮ್ಮ 1966ರ ಪ್ರಸಿದ್ಧ ಪುಸ್ತಕದಲ್ಲಿ ಬರೆದಿದ್ದಾರೆ. ಕೈಕಾಲು ಬಗ್ಗಿಸುವುದು ಕಲಿಯಬಹುದು. ಸುಮ್ಮನಿರುವುದು ಕಲಿಯಲು ಹೊತ್ತು ಬೇಕು.

ಪರೇಲಿನ ಆಸ್ಪತ್ರೆಯಲ್ಲಿ

ಈ ಸುಮ್ಮನಿರುವಿಕೆಯನ್ನು ಅಳೆದು ನೋಡಿದ್ದು ಕೆಇಎಂ ಆಸ್ಪತ್ರೆ. 1926ರಲ್ಲಿ ಪರೇಲಿನಲ್ಲಿ, ಗಿರಣಿಗಳ ನಡುವೆ ತೆರೆದ ಆಸ್ಪತ್ರೆ ಅದು. ಅಲ್ಲಿನ ಹೃದ್ರೋಗ ತಜ್ಞ ಡಾ. ಕೆ.ಕೆ. ದಾತೆ ಮತ್ತು ಸಂಗಡಿಗರು ಶವಾಸನವನ್ನು ರಕ್ತದೊತ್ತಡದ ರೋಗಿಗಳ ಮೇಲೆ ಪ್ರಯೋಗಿಸಿ, ಫಲಿತಾಂಶವನ್ನು 1969ರಲ್ಲಿ ‘ಆಂಜಿಯಾಲಜಿ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಕಲಿಸಿದ ವಿಧಾನ ಹೀಗಿತ್ತು.

ಅಂಗಾತ ಮಲಗಬೇಕು. ಎರಡು ಕಾಲುಗಳ ನಡುವೆ ಸುಮಾರು 30 ಡಿಗ್ರಿ ಅಂತರ. ತೋಳುಗಳು ಮೈಯಿಂದ 15 ಡಿಗ್ರಿಯಷ್ಟು ದೂರ. ಬೆರಳುಗಳು ಅರ್ಧ ಮಡಚಿಕೊಂಡು ಸಡಿಲ. ರೆಪ್ಪೆ ತಾನಾಗಿ ಇಳಿಯುವಂತೆ ಕಣ್ಣು ಮುಚ್ಚಬೇಕು. ಹೊಟ್ಟೆಯಿಂದ ನಿಧಾನವಾಗಿ ಉಸಿರಾಡಬೇಕು. ಉಸಿರು ಎಳೆದುಕೊಂಡ ಮೇಲೆ ಚಿಕ್ಕದೊಂದು ತಂಗು, ಬಿಟ್ಟ ಮೇಲೆ ಅದಕ್ಕಿಂತ ದೊಡ್ಡದೊಂದು ತಂಗು. ಗಮನವೆಲ್ಲ ಮೂಗಿನ ಹೊಳ್ಳೆಯ ಮೇಲೆ: ಒಳಗೆ ಬರುವ ಗಾಳಿ ತಂಪು, ಹೊರಗೆ ಹೋಗುವುದು ಬೆಚ್ಚಗೆ. ಹೀಗೆ ದಿನಕ್ಕೆ ಅರ್ಧ ಗಂಟೆ. ಸರಿಯಾಗಿ ಕಲಿಯಲು ಸುಮಾರು ಮೂರು ವಾರ.

ಒಟ್ಟು 47 ರೋಗಿಗಳು. ಅವರಲ್ಲಿ ಔಷಧಿಯನ್ನೇ ತೆಗೆದುಕೊಳ್ಳದಿದ್ದ ಗುಂಪಿನ ಸರಾಸರಿ ರಕ್ತದೊತ್ತಡ 134ರಿಂದ 107ಕ್ಕೆ ಇಳಿಯಿತು. ಔಷಧಿಯಲ್ಲಿದ್ದವರಲ್ಲಿ ಹಲವರಿಗೆ ಅದರ ಪ್ರಮಾಣವನ್ನು ವೈದ್ಯರು ಇಳಿಸಲು ಸಾಧ್ಯವಾಯಿತು. ಇಂದಿನ ಅಳತೆಯಲ್ಲಿ ಇದು ಸಣ್ಣ ಅಧ್ಯಯನ, ಪಕ್ಕಕ್ಕಿಟ್ಟು ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಇದನ್ನು ಓದಿ ಯಾರೂ ಬಿಪಿ ಮಾತ್ರೆ ನಿಲ್ಲಿಸಬಾರದು. ಆದರೆ ಕಾಲವನ್ನು ಗಮನಿಸಿ. ಅಮೆರಿಕದ ಹರ್ಬರ್ಟ್ ಬೆನ್ಸನ್ ‘ರಿಲ್ಯಾಕ್ಸೇಶನ್ ರೆಸ್ಪಾನ್ಸ್’ ಪುಸ್ತಕದಿಂದ ಲೋಕಕ್ಕೆಲ್ಲ ಹೆಸರಾದದ್ದು 1975ರಲ್ಲಿ. ಲಂಡನ್ ಕಡೆಯ ವೈದ್ಯೆ ಚಂದ್ರಾ ಪಟೇಲ್ ಯೋಗದ ವಿಶ್ರಾಂತಿಯನ್ನು ಬಳಸಿದ ತಮ್ಮ ಪ್ರಯೋಗವನ್ನು ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ್ದು 1973ರಲ್ಲಿ. ಪರೇಲಿನ ಸಾರ್ವಜನಿಕ ಆಸ್ಪತ್ರೆ ಅದಕ್ಕೂ ಮೊದಲೇ ತನ್ನ ಲೆಕ್ಕ ಬರೆದಿಟ್ಟಿತ್ತು.

ಬಿಡುವ ಉಸಿರು ಎಳೆಯುವ ಉಸಿರಿಗಿಂತ ದೀರ್ಘವಾಗಿರಲಿ, ಅದರ ಕೊನೆಗೆ ತುಸು ತಂಗು ಇರಲಿ ಎಂಬುದನ್ನು ನಮ್ಮ ಅಜ್ಜಿಯರು ಒಂದೇ ಪದದಲ್ಲಿ ಹೇಳಿದ್ದರು: ಉಸ್ಸಪ್ಪಾ! ತಲೆಯ ಮೇಲಿನ ಹೊರೆ ಕಟ್ಟೆಯ ಮೇಲೆ ಇಳಿಸಿದಾಗ ತಾನಾಗಿ ಬರುವ ಉದ್ಗಾರ ಅದು. ಒಮ್ಮೆ ಜೋರಾಗಿ ಹೇಳಿ ನೋಡಿ. ಉಸಿರೆಲ್ಲ ಹೊರಗೆ ಹೋಗಿ, ಭುಜ ಇಳಿದು, ಒಂದು ಕ್ಷಣ ಎಲ್ಲ ನಿಲ್ಲುತ್ತದೆ.

ನಗುವ ಐವರು

ಆಮೇಲಿನ ಕತೆ ಪಶ್ಚಿಮದ ಉಪನಗರಕ್ಕೆ ಬರುತ್ತದೆ. ಅಂಧೇರಿಯ ಲೋಖಂಡ್‌ವಾಲಾದಲ್ಲಿದ್ದ ಡಾ. ಮದನ್ ಕಟಾರಿಯಾ ಆರೋಗ್ಯ ಪತ್ರಿಕೆಗೆಂದು ನಗುವಿನ ಬಗ್ಗೆ ಲೇಖನ ಬರೆಯುತ್ತಿದ್ದರು. ಬರೆಯುವ ಬದಲು ನಕ್ಕು ನೋಡಬಾರದೇಕೆ ಎನ್ನಿಸಿ 1995ರ ಮಾರ್ಚ್ 13ರ ಬೆಳಿಗ್ಗೆ ಉದ್ಯಾನಕ್ಕೆ ಹೋದರು. ನಡೆಯಲು ಬಂದವರನ್ನು ಕೇಳಿದರು. ಹೆಚ್ಚಿನವರು ಇವರನ್ನು ನೋಡಿಯೇ ನಕ್ಕಿರಬೇಕು. ಕೊನೆಗೆ ಸೇರಿದವರು ಐವರು, ಅವರಲ್ಲಿ ಪತ್ನಿ ಮಾಧುರಿಯೂ ಒಬ್ಬರು. ಮೊದಲು ಒಬ್ಬೊಬ್ಬರು ನಡುವೆ ನಿಂತು ನಗೆಹನಿ ಹೇಳುವುದು, ಉಳಿದವರು ನಗುವುದು ಎಂದಾಯಿತು. ಜನ ಹೆಚ್ಚಿದರು. ಎರಡು ವಾರದಲ್ಲಿ ಒಳ್ಳೆಯ ನಗೆಹನಿಗಳ ದಾಸ್ತಾನು ಮುಗಿದು ಅಸಭ್ಯ ಜೋಕುಗಳು ಶುರುವಾದವು. ಹೆಂಗಸರು ಬೇಸರಪಟ್ಟು ಬರುವುದಿಲ್ಲ ಎಂದರು. ಆಗ ಕಟಾರಿಯಾ ಕಂಡುಕೊಂಡ ದಾರಿಯೇ ಇಂದಿನ ನಗೆಕೂಟ: ಜೋಕೇ ಬೇಡ, ಎದುರಿನವರ ಮುಖ ನೋಡುತ್ತ ಸುಮ್ಮನೆ ಹಹ್ಹಾ ಎಂದು ಆರಂಭಿಸಿ. ಮೊದಲ ನಿಮಿಷ ನಾಟಕ. ಆಮೇಲೆ ನಿಜವಾದ ನಗು ಅಂಟಿಕೊಳ್ಳುತ್ತದೆ. ನಡುನಡುವೆ ಯೋಗದ ಉಸಿರಾಟ. 1998ರಲ್ಲಿ ಮುಂಬಯಿಯಲ್ಲೇ ಮೊದಲ ವಿಶ್ವ ನಗೆ ದಿನ ನಡೆಯಿತು.

ಬೆಳಗಿನ ಉದ್ಯಾನದಲ್ಲಿ ಕೈ ಮೇಲೆತ್ತಿ ನಗುವ ಹಿರಿಯರನ್ನು ನೋಡಿ ನಮ್ಮಲ್ಲಿ ಹಲವರು ಮುಸಿನಕ್ಕಿದ್ದೇವೆ. ಅವರ ಲಾಭ ನಗುವಿನಲ್ಲಿ ಎಷ್ಟಿದೆಯೋ, ಬೆಳಿಗ್ಗೆ ಏಳಕ್ಕೆ ಅದೇ ಮರದಡಿ ಅವೇ ಮುಖಗಳನ್ನು ನೋಡುವುದರಲ್ಲಿ ಅಷ್ಟೇ ಇದೆ. ಒಂದು ದಿನ ತಪ್ಪಿದರೆ ಮರುದಿನ ‘ನಿನ್ನೆ ಯಾಕೆ ಬರಲಿಲ್ಲ?’ ಎಂದು ಕೇಳುವವರಿರುತ್ತಾರೆ. ಶಿವಾಜಿ ಪಾರ್ಕಿನ ಕಟ್ಟೆಯ ಮೇಲೆ, ಮಾಟುಂಗಾದ ಫೈವ್ ಗಾರ್ಡನ್ಸ್‌ನ ಬೆಂಚುಗಳ ಮೇಲೆ, ಮರೀನ್ ಡ್ರೈವಿನ ಗೋಡೆಯ ಮೇಲೆ ಸಂಜೆ ಕೂರುವವರಿಗೂ ಸಿಗುವುದು ಇದೇ. ಆ ಜಾಗಗಳೂ ತಾವಾಗಿ ಉಳಿದವಲ್ಲ. 1896ರ ಪ್ಲೇಗಿನ ನಂತರ, ಜನರಿಗೆ ಗಾಳಿ ಬೆಳಕು ಬೇಕು ಎಂಬ ಅರಿವಾಗಿ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾದ ಮೇಲೆ ದಾದರ್–ಮಾಟುಂಗಾ ಬಡಾವಣೆಗಳು ತೋಟ, ಮೈದಾನಗಳ ಸಮೇತ ರೂಪುಗೊಂಡವು.

ಮತ್ತೆ ಗಿರಣಗಾಂವಿಗೆ

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಗಿರಣಿಗಳಲ್ಲಿ ಹಲವು ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಚಿಮಣಿಗಳಿದ್ದಲ್ಲಿ ಗಾಜಿನ ಕಟ್ಟಡಗಳು ಎದ್ದವು. ಲೋಅರ್ ಪರೇಲಿನ ಕಮಲಾ ಮಿಲ್ಸ್, ಫೀನಿಕ್ಸ್ ಮಿಲ್ಸ್ ಎಂಬ ಹೆಸರುಗಳಲ್ಲಿ ಈಗ ‘ಮಿಲ್’ ಎಂಬ ಪದ ಮಾತ್ರ ಉಳಿದಿದೆ. ಈ ಬರಹ ಓದುತ್ತಿರುವವರಲ್ಲಿ ಕೆಲವರಾದರೂ ಅಲ್ಲೇ, ಜಾಹೀರಾತು, ಬ್ಯಾಂಕು, ಸಾಫ್ಟ್‌ವೇರ್ ಆಫೀಸುಗಳಲ್ಲಿ ಕೆಲಸ ಮಾಡುತ್ತಿರಬಹುದು.

ಕನ್ನಡದಲ್ಲಿ ಆಫೀಸಿನ ಭಯವನ್ನು ಆಳವಾಗಿ ಬರೆದವರು ಈ ಊರಿನ ಯಶವಂತ ಚಿತ್ತಾಲರು. 1979ರ ‘ಶಿಕಾರಿ’ಯ ನಾಗಪ್ಪನಿಗೆ ಹೊಡೆತ ಬರುವುದು ಕಂಪನಿಯ ಒಂದು ಪತ್ರದಿಂದ. ಆ ಪತ್ರ ಮನೆಗೆ ತಲುಪಬೇಕಾಗಿತ್ತು. ಈಗಿನ ಪತ್ರ ದಿಂಬಿನ ಪಕ್ಕದಲ್ಲೇ ಇರುತ್ತದೆ, ರಾತ್ರಿ ಹನ್ನೊಂದಕ್ಕೂ ಟಿಣ್ ಎನ್ನುತ್ತದೆ. ಕೆಲಸದ ಹೊತ್ತಿಗೆ ಸೂರ್ಯನೇ ಗಡಿಯಾರವಾಗಿದ್ದ ಕಾಲದಲ್ಲಿ ಗಿರಣಿಯವನಿಗೆ ಕತ್ತಲಾದರೆ ಬಿಡುಗಡೆ ಇತ್ತು. ನಮ್ಮ ಪರದೆಗೆ ಕತ್ತಲೆಯೇ ಇಲ್ಲ. ಕಾಯ್ದೆಯಲ್ಲಿ ದುಡಿಮೆಯ ಹೊತ್ತಿಗೆ ಮಿತಿ ಇದೆ, ವಾರದ ರಜೆ ಇದೆ. 1948ರ ಹೋಟೆಲ್ ಹುಡುಗನಿಗೂ ಕಾಯ್ದೆಯಲ್ಲಿ ಇತ್ತು.

ಆದ್ದರಿಂದ ಉಸಿರಾಟ ಹೇಳಿಕೊಡುವ ಇನ್ನೊಂದು ಆ್ಯಪ್ ಇಳಿಸಿಕೊಳ್ಳುವ ಮೊದಲು ಈ ಊರಿನ ಹಳಬರು ಮಾಡಿದ್ದನ್ನು ಮಾಡಿ ನೋಡಬಹುದು. ವಾರದಲ್ಲಿ ಒಂದು ಹೊತ್ತನ್ನು ಗೊತ್ತುಮಾಡಿ. ಗುರುವಾರ ಸಂಜೆ ಏಳು ಎಂದಿರಲಿ, ರವಿವಾರ ಬೆಳಿಗ್ಗೆ ಏಳು ಎಂದಿರಲಿ. ಇಬ್ಬರಿಗಾದರೂ ಅದನ್ನು ಹೇಳಿಡಿ, ತಪ್ಪಿದರೆ ಕೇಳುವಂತೆ. ಆ ಹೊತ್ತಿಗೆ ನಡೆಯುತ್ತೀರೋ, ಹಾಡುತ್ತೀರೋ, ಮೈಸೂರು ಅಸೋಸಿಯೇಶನ್ನಿನ ನಾಟಕ ನೋಡುತ್ತೀರೋ, ಮೀರಾ ರೋಡಿನ ಯಾವುದೋ ಭಜನೆಯಲ್ಲಿ ತಾಳ ತಟ್ಟುತ್ತೀರೋ, ಕನ್ನಡದಲ್ಲಿ ಸುಮ್ಮನೆ ಹರಟುತ್ತೀರೋ ನಿಮಗೆ ಬಿಟ್ಟದ್ದು. ಡಾ. ದಾತೆಯವರ ಅರ್ಧ ಗಂಟೆ ಮನೆಯಲ್ಲೇ ಆಗುತ್ತದೆ. ಒಂದು ಚಾಪೆ ಸಾಕು. ಒಂದೇ ಕೋಣೆಯ ಮನೆಯಲ್ಲೂ ಚಾಪೆಯಷ್ಟು ಜಾಗ ಹೊಂದೀತು. ಮೊದಲ ಮೂರು ವಾರ ಮನೆಯವರಿಗೆ ‘ಈ ಅರ್ಧ ಗಂಟೆ ನನ್ನನ್ನು ಕರೆಯಬೇಡಿ’ ಎಂದು ಹೇಳುವುದೇ ಹೆಚ್ಚಿನ ಕಷ್ಟ. ಮನೆಯಲ್ಲಿ ಅಷ್ಟು ಹೇಳುವ ಧೈರ್ಯವೂ ಇಲ್ಲದ ಅಮ್ಮನಿಗೋ ಹೆಂಡತಿಗೋ ಆ ಅರ್ಧ ಗಂಟೆಯನ್ನು ನಾವೇ ಕಾದುಕೊಡಬೇಕು.

ಮುಂಬಯಿಯ ಮನೆಗಳ ಗೋಡೆಯ ಮೇಲೆ ತೂಗುವ ಕಾಲನಿರ್ಣಯದಲ್ಲಿ ಜೂನ್ 10 ಕೆಂಪಕ್ಷರದ ದಿನವಲ್ಲ. ಆದರೆ ಅದೇ ಪುಟದಲ್ಲಿ ರವಿವಾರಗಳೆಲ್ಲ ಕೆಂಪಾಗಿರುತ್ತವೆ. ದುಡಿಯುವವರ ಪಾಲಿಗೆ ಆ ಕೆಂಪು ಬಂದದ್ದು ಪರೇಲಿನ ಗಿರಣಿಯವರು ಆರು ವರ್ಷ ಪಟ್ಟು ಹಿಡಿದು ಕೇಳಿದ್ದರಿಂದ. ಈ ರವಿವಾರ ಮೇಲ್ ತೆರೆಯುವ ಮುಂಚೆ ಅವರನ್ನು ಒಮ್ಮೆ ನೆನೆದರೆ, ಮೇಲ್ ಸೋಮವಾರಕ್ಕೆ ಇರಲಿ ಎನ್ನಿಸೀತು.